ಸಹಿ ನಿನ್ನದಲ್ಲ

ಶುಕ್ರವಾರ, ಮಧ್ಯಾಹ್ನ ಎರಡೂವರೆ

ನನ್ನ ಮುದ್ದಿನ ಜಗಳಗಂಟಿಗೆ,

ಅಮ್ಮನ ಆಶೀರ್ವಾದ. ಇದನ್ನು ನಿನ್ನ ಕಂಪ್ಯೂಟರ್ ಆ ಸಪ್ಪೆ ಗಂಡಸಿನ ದನಿಯಲ್ಲಿ ಓದುತ್ತದೆ. ನೀನಿರುವುದು ಚಿಕ್ಕಮ್ಮನ ಮನೆಯಲ್ಲಿ, ಅವಳು ಪಕ್ಕದಲ್ಲಿದ್ದರೆ ಹೆಡ್‌ಫೋನ್ ಹಾಕಿಕೋ. ಅವಳ ಬಾಯಿಗೆ ಬಿದ್ದರೆ ನನ್ನ ಕಥೆ ಮುಗಿಯಿತು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ, ಕಾರಣವಿದೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ನೀನು ಕೇಳಿದ್ದು ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ. ಸೋಮವಾರ ಹೋಗಿ ಕೂತರೆ ಕಂಪ್ಯೂಟರ್ ಮೂಕ. ಪಕ್ಕದಲ್ಲಿ, ನೀನು ಹೇಳಿದ್ದನ್ನು ಬರೆದುಕೊಳ್ಳಲು ಕೂರಿಸಿದ್ದ ಒಬ್ಬ ಹುಡುಗಿ. ನನ್ನ ಉತ್ತರ ನಾನೇ ಬರೆಯುತ್ತೇನೆ ಎಂದು ನೀನು ಎದ್ದು ಬಂದೆ. ಎರಡರಲ್ಲಿ ಒಂದೇ ಸಿಗುವುದು, ಬರೆದುಕೊಳ್ಳುವವರೇ ಬೇಕೆಂದು ನೀನೇ ಸಹಿ ಹಾಕಿದ ಅರ್ಜಿ ಇದೆ ಎಂದರು ಪರೀಕ್ಷಾ ಕಚೇರಿಯವರು. ಇವತ್ತು ನಾಲ್ಕರೊಳಗೆ ಆ ಸಹಿ ನಿನ್ನದಲ್ಲ ಎಂದು ತೋರಿಸದಿದ್ದರೆ ನೀನು ಗೈರುಹಾಜರಿ. ಒಂದು ವರ್ಷ ಹೋದಂತೆಯೇ.

ಅಲ್ಲಿನ ಗುಮಾಸ್ತನೇ ಹಾಕಿರಬೇಕು ಎಂದು ನೀನು ಕೂಗಾಡಿದಾಗ ನಾನೂ ಹೂಂಗುಟ್ಟಿದೆ.

ಹಾಕಿದ್ದು ನಾನು ಕಣೇ.

ನಿನಗೆ ಸಹಿ ಕಲಿಸಿದವಳೇ ನಾನಲ್ಲವೇ? ರಟ್ಟಿನಲ್ಲಿ ಬೆರಳಗಲದ ಕಿಂಡಿ ಕೊರೆದು, ಅದರೊಳಗೆ ನಿನ್ನ ಪೆನ್ನು ಆಡಿಸಿ, ತಿಂಗಳುಗಟ್ಟಲೆ ತಿದ್ದಿಸಿದೆ. ಅದೇ ಕಿಂಡಿಯಲ್ಲಿ ನಾನು ಬರೆದರೆ ನಿನ್ನದೇ ಸಹಿ, ನಿನ್ನದೇ ಓರೆ. ಯಾರೂ ಅನುಮಾನಪಡಲಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆಂದು ಬರೆಯುವಾಗ ಆ ತಂತ್ರಾಂಶದ ದನಿ ನಡುವೆ ನಿಂತುಹೋಯಿತಲ್ಲ, ನೀನು ನಗುತ್ತಾ ಎರಡು ನಿಮಿಷದಲ್ಲಿ ಸರಿಮಾಡಿದೆ. ನನಗೆ ಮಾತ್ರ ನಗು ಬರಲಿಲ್ಲ. ಪರೀಕ್ಷೆಯಲ್ಲೂ ಹೀಗೇ ಕೈಕೊಟ್ಟರೆ ಎಂದು ಆ ಅರ್ಜಿ ಹಾಕಿದೆ. ಇಷ್ಟೇ ಹೇಳಿ ನಿಲ್ಲಿಸೋಣ ಅಂದುಕೊಂಡಿದ್ದೆ. ಆದರೆ ಇದು ಅರ್ಧ ಸತ್ಯ. ಹನ್ನೆರಡು ವರ್ಷ ನಿನ್ನ ಪುಸ್ತಕಗಳನ್ನೆಲ್ಲ ಓದಿ ಹೇಳಿದವಳು ನಾನು. ಆ ತಂತ್ರಾಂಶ ಬಂದ ಮೇಲೆ, ಅಮ್ಮಾ ಇದೊಂಚೂರು ಓದು ಎಂದು ನೀನು ಒಮ್ಮೆಯೂ ಕೂಗಲಿಲ್ಲ. ಹೊಟ್ಟೆಕಿಚ್ಚು ಕಣೇ, ಇನ್ನೇನು! ಅದೂ ಒಂದು ಯಂತ್ರದ ಮೇಲೆ. ನಾಚಿಕೆಯಿಂದ ಸಾಯುವಂತಾಗಿದೆ.

ಈ ಪತ್ರವೇ ನಿನ್ನ ಸಾಕ್ಷಿ. ಅವರಿಗೆ ತೋರಿಸಿದರೆ ಮರುಪರೀಕ್ಷೆ ಕೊಡಲೇಬೇಕು. ಶಾಲೆಯ ಕಚೇರಿಯಲ್ಲಿ ನನ್ನ ಕೆಲಸ ಉಳಿಯಲಿಕ್ಕಿಲ್ಲ. ಕಳ್ಳಸಹಿ ಹಾಕಿದವಳ ಕೈಗೆ ಮಕ್ಕಳ ದಾಖಲೆ ಯಾರು ಕೊಡುತ್ತಾರೆ? ಬೈಯುವುದನ್ನು ಮನೆಗೆ ಬಂದು ಬೈಯಿ, ಕೇಳಿಸಿಕೊಳ್ಳುತ್ತೇನೆ.

ನಿನ್ನ,
ಅಮ್ಮ

ತಾ.ಕ.: ಪರೀಕ್ಷಾ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತೇ ಇದನ್ನು ಫೋನಿನಲ್ಲಿ ಬರೆದೆ. ಈಗ ಮೂರು ಇಪ್ಪತ್ತು. ಇದನ್ನೇ ಕಾಗದದ ಮೇಲೂ ಬರೆದು, ನನ್ನ ಸಹಿ ಹಾಕಿ, ಕೈಯಲ್ಲಿ ಹಿಡಿದಿದ್ದೇನೆ. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಹೆದರಿಕೆಯೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ವಿಷಯದ ಇನ್ನೊಂದು ಕಾಗದವನ್ನು ನಿನ್ನನ್ನು ಕೇಳದೆ ಹೇಗೆ ಕೊಡಲಿ? ಬೇಗ ಫೋನ್ ಮಾಡು. ಕೊಡಲಾ?