ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್

ಹೊಸನಗರ, ೧೯೮೩

ಅಪ್ಪಯ್ಯಾ,

ಸತ್ತ ಮೇಲೂ ಸಿಟ್ಟು ಬರುವುದಾದರೆ ಈಗ ಬರಲಿ. ನಿಮ್ಮ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ ಕೀಳಿಸಿ, ಹಳೆಯ ವ್ಯಾನೊಂದರ ಡೀಸೆಲ್ ಎಂಜಿನ್ ಕೂರಿಸಿದ್ದೇನೆ. ದಿನಾ ಸಾಗರದ ಕೋರ್ಟಿಗೆ ಹೋಗಿಬರುವ ಗುಮಾಸ್ತ ನಾನು. ನಿಮ್ಮ ಜಂಬಕ್ಕೆ ಪೆಟ್ರೋಲ್ ಹಾಕಲು ನನ್ನಿಂದಾಗದು.

ನೀವಿದ್ದಾಗ ಅದರ ಬಾನೆಟ್ ಮುಟ್ಟಲೂ ಬಿಡಲಿಲ್ಲ. "ನಿನ್ನ ಕೈಗೆ ಸಿಕ್ಕಿದ್ದು ಯಾವ್ದಾದ್ರೂ ಉಳಿದಿದ್ಯಾ?" ಎಂದು ನೆಂಟರೆದುರೇ ಕೇಳಿದವರು ನೀವು. ಇವತ್ತು ಗ್ಯಾರೇಜಿನ ವಾಸಪ್ಪ, "ಹಳೇ ಎಂಜಿನ್ ಎಂತ ಮಾಡ್ಲಿ?" ಎಂದ. "ಗುಜರಿಗೆ ಹಾಕು" ಎಂದೆ. ಹೇಳುವಾಗ ಖುಷಿಯಾಯಿತು.

ಗಡಗಡ ಸದ್ದು ಮಾಡುತ್ತಾ ಮನೆಗೆ ಬಂದೆ. ದಿನಾ ನಾನು ಚಪ್ಪಲಿ ಬಿಡುವಷ್ಟರಲ್ಲಿ ಕಾಫಿ ಹಿಡಿದು ನಿಲ್ಲುತ್ತಿದ್ದ ಅಮ್ಮ ಇವತ್ತು ಕೂತಲ್ಲಿಂದ ಎದ್ದಿರಲೇ ಇಲ್ಲ.

"ಯಾರದ್ದೋ ಟ್ರ್ಯಾಕ್ಟರ್ ಅಂದ್ಕೊಂಡೆ ಮಾರಾಯಾ," ಎಂದಳು. "ತಿರುವಲ್ಲಿ ಆ ಕಾರಿನ ಸದ್ದು ಕೇಳಿದ್ರೆ, ಅವ್ರೇ ಬಂದ್ರು ಅಂತ ಎದ್ದು ಹಾಲಿಡ್ತಿದ್ದೆ."

ಅಂದರೆ, ನೀವು ಹೋದ ಮೇಲೆ ಈ ಎರಡು ವರ್ಷ ನಾನು ಕುಡಿದದ್ದು ನಿಮ್ಮ ಕಾಫಿ. ಅದಕ್ಕೆ ಸಕ್ಕರೆ ಯಾಕಿರುತ್ತಿರಲಿಲ್ಲ ಎಂದು ಈಗ ತಿಳಿಯಿತು. ಸಕ್ಕರೆ ಕಾಯಿಲೆ ಇದ್ದದ್ದು ನಿಮಗೆ.