ತೂದಾ ಏಕೆ ಬಾಯಿ ಬಿಡಲಿಲ್ಲ?

ಕಾನೂನು ಸಹಾಯಕರ ತರಬೇತಿ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಸಂಸ್ಥೆ ತಯಾರಿಸುತ್ತಿರುವುದು ಕಾನೂನು ಸಹಾಯಕರನ್ನಲ್ಲ, ವಕೀಲರ ಕೋಟು ನೇತುಹಾಕುವ ಗೂಟಗಳನ್ನು. ಇದನ್ನು ಬರೆಯಲು ಅಸಹ್ಯವಾಗುತ್ತದೆ. ಬರೆಯದಿದ್ದರೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಇಡೀ ವರ್ಷ ಏನು ಕಲಿಸಿದಿರಿ? ಫ್ರೆಂಚ್ ಪದಗಳ ಬಾಯಿಪಾಠ, ಕಡತಕ್ಕೆ ದಾರ ಕಟ್ಟುವುದು, ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲುವುದು. ಅಟ್ಲಾಸ್ ಬೆಟ್ಟ ಇಳಿದು ಬರುವ ಹೆಂಗಸರಿಗೆ ಅಮಾಜಿಗ್ ಬಿಟ್ಟು ಬೇರೆ ಭಾಷೆ ಬಾರದು. ಅವರೊಡನೆ ಕೂತು ಮಾತಾಡುವ ಪಾಠ ಎಲ್ಲಿ ಎಂದು ಕೇಳಿದ್ದಕ್ಕೆ ನಿಮ್ಮ ಉಪನ್ಯಾಸಕರು, "ಕುರಿ ಕಾಯೋರ ಮಾತು ನಿಂಗೆ ಮನೇಲೇ ಬರುತ್ತಲ್ಲಮ್ಮ, ಅದಕ್ಕೂ ಕ್ಲಾಸ್ ಬೇಕಾ?" ಎಂದರು. ತರಗತಿಯೆಲ್ಲ ನಕ್ಕಿತು.

ಆ ನಗೆಯ ಫಲ ಉಂಡವಳು ತೂದಾ. ಗಂಡ ಕಲ್ಲುಗಣಿಯಲ್ಲಿ ಸತ್ತ. ಮದುವೆ ಆದದ್ದು ನಮ್ಮ ಹಳ್ಳಿಗಳ ರೀತಿಯಲ್ಲಿ: ಕುರಾನಿನ ಫಾತಿಹಾ ಓದಿ, ಕುರಿ ಕಡಿದು, ಊರಿಗೆಲ್ಲ ಉಣಿಸಿ. ಕಾಗದವಿಲ್ಲ. ಆ ಮದುವೆಯನ್ನು ನ್ಯಾಯಾಲಯ ಒಪ್ಪಿದರೆ ಮಾತ್ರ ಮಗಳಿಗೆ ತಂದೆಯ ಹೆಸರು ದಕ್ಕುತ್ತದೆ. ನಾನು ಅವಳ ವಕೀಲರ ಬಳಿ ತರಬೇತಿಯಲ್ಲಿದ್ದೆ. ವಿಚಾರಣೆಗೆ ಮುಂಚೆ ಅವಳನ್ನು ಮಾತಾಡಿಸಹೋದರೆ ವಕೀಲರು, "ಅವಳ ಹತ್ರ ಏನು ಹರಟೆ? ಹೋಗಿ ಟೀ ತಗೊಂಡ್ ಬಾ, ಪುದೀನ ಜಾಸ್ತಿ ಹಾಕ್ಸು" ಎಂದರು.

ನ್ಯಾಯಾಲಯದೊಳಗೆ ದುಭಾಷಿ ಕೇಳಿದ: "ಗಂಡನ ಹೆಸರೇನಮ್ಮ?" ಸಾಕ್ಷಿ ಹೇಳಲೆಂದು ಬಂದ ಮಾವ ಹಿಂದಿನ ಬೆಂಚಿನಲ್ಲೇ ಕೂತಿದ್ದ. ಮಾವನೆದುರು ಗಂಡನ ಹೆಸರೆತ್ತುವುದು ನಮ್ಮಲ್ಲಿ ನಾಚಿಕೆಗೇಡು. ತೂದಾ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

"ನಾನೇ ಹೇಳ್ತೀನಿ ಸ್ವಾಮಿ," ಎಂದ ಮಾವ.

"ನಿನ್ನ ಕೇಳ್ಲಿಲ್ಲ ಅಜ್ಜ, ಕೂತ್ಕೋ. ಗಂಡನ ಹೆಸರೇ ಗೊತ್ತಿಲ್ಲ, ಇವಳೆಂಥ ಹೆಂಡ್ತಿ!" ಎಂದ ಗುಮಾಸ್ತ.

ನಾನು ಎದ್ದು ಕೂಗಿದೆ: "ಮಾವನ್ನ ಆಚೆ ಕಳ್ಸಿ ಕೇಳಿ, ಹೇಳ್ತಾಳೆ!" ಆಚೆ ಕಳಿಸಿದ್ದು ನನ್ನನ್ನು. ಮಾವನ ಸಾಕ್ಷಿ ಕೇಳುವ ಮೊದಲೇ ಅರ್ಜಿ ವಜಾ ಆಯಿತು.

ಮೆಟ್ಟಿಲ ಮೇಲೆ ತೂದಾ ನನ್ನ ತೋಳು ಹಿಡಿದಳು. "ಅದನ್ನ ಕೇಳ್ತಾರೆ ಅಂತ ಮೊದ್ಲೇ ಯಾರಾದ್ರೂ ಅಂದಿದ್ರೆ, ಮಾವನ ಕಾಲು ಹಿಡ್ಕೊಂಡು ಅಪ್ಪಣೆ ಕೇಳಿ ಬರ್ತಿದ್ದೆ ಕಣೇ."

ಅಷ್ಟೇ, ನಿರ್ದೇಶಕರೇ. ಒಂದು ಲೋಟ ಟೀ ತಣ್ಣಗಾಗುವಷ್ಟು ಹೊತ್ತಿನ ಮಾತು. ಅದಕ್ಕೆ ನಿಮ್ಮ ಪಠ್ಯದಲ್ಲಿ ಜಾಗವಿಲ್ಲ! ಕಾನೂನು ಜನರ ಸ್ವತ್ತು ಎಂದು ಸಂತೆಯಲ್ಲಿ ಹಂಚುವ ಕರಪತ್ರಕ್ಕೂ ಗೊತ್ತು, ನಿಮಗೆ ಗೊತ್ತಿಲ್ಲವೇ? ನನಗೆ ಶಿಸ್ತಿಲ್ಲವೆಂದು ಪ್ರಮಾಣಪತ್ರ ತಡೆದಿದ್ದೀರಿ. ಇಟ್ಟುಕೊಳ್ಳಿ.

ನನ್ನ ಬೇಡಿಕೆ ಬೇರೆ. ತೂದಾಳ ಮೇಲ್ಮನವಿ ವಿಚಾರಣೆಗೆ ಬರುತ್ತಿದೆ. ಅದಕ್ಕೆ ಮುಂಚೆ ನಿಮ್ಮ ಉಪನ್ಯಾಸಕರನ್ನೂ ವಿದ್ಯಾರ್ಥಿಗಳನ್ನೂ ಅವಳ ಮನೆಗೆ ಕಳಿಸಿ; ಚಾಪೆಯ ಮೇಲೆ ಕೂತು ಅವಳ ಭಾಷೆಯಲ್ಲಿ ಮಾತಾಡಲಿ. ಅದನ್ನೇ ಮೊದಲ ಪಾಠವಾಗಿಸಿ. ಅವರು ಬರಲಿ, ಬಿಡಲಿ, ನಾನಂತೂ ಅಲ್ಲಿರುತ್ತೇನೆ. ಮುಂದಿನ ಸಲ ಅವಳು ಒಬ್ಬಳೇ ಆ ನ್ಯಾಯಾಲಯದ ಬಾಗಿಲು ದಾಟುವುದಿಲ್ಲ.

ಇಂತಿ,
ಕಾನೂನು ಸಹಾಯಕಿ ಎಂದು ಸಹಿ ಹಾಕುವ ಹಕ್ಕಿಲ್ಲದ
ಇಜ್ಜಾ