ಕಾಲಿನ ಹೃದಯ

ತಮ್ಮ ಗಾದ್ರಪ್ಪನಿಗೆ, ಸೊಕ್ಕೆಯಿಂದ ನಿನ್ನಕ್ಕ ಬಂಗಾರಮ್ಮ ಬರೆಯುವುದು.

ನಿನ್ನ ಮಗ ಮಾರುತಿ ಬಂದು ಹೊಸ ಹೋಟೆಲಿನ ಕಾರ್ಡು ಕೊಟ್ಟು ಹೋದ. ಹೊನ್ನಾಳಿಯಲ್ಲಿ ‘ಅಕ್ಕನ ದೋಸೆ’ ಅಂತ ಬೋರ್ಡು ಹಾಕಿಸಿದ್ದೀಯಂತೆ. ಪ್ರಾರಂಭದ ದಿನ ನನಗೆ ಶಾಲು ಹೊದಿಸಿ ಸನ್ಮಾನವಂತೆ, ಕೂರಲು ಕೆಂಪು ಮಖಮಲ್ಲಿನ ಕುರ್ಚಿಯಂತೆ. “ರಾಣಿ ಥರ ಕುಂತ್ಕಂಡು ನೋಡೀವಂತೆ, ಬಾ ಅತ್ತೆ” ಅಂದ.

ಕೂರುವ ಮಾತು ಬಂದದ್ದಕ್ಕೇ ಈ ಕಾಗದ. ಪಾರ್ಸಲ್ ಕಟ್ಟುವ ಪೇಪರು ಓದಿ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದು.

ಜಗಳೂರು ಬಸ್‌ಸ್ಟ್ಯಾಂಡಿನ ನಮ್ಮ ಹಳೇ ಹೋಟೆಲಿನಲ್ಲಿ ನೀನು ಗಲ್ಲಾದಲ್ಲಿ ಕೂತೆ, ನಾನು ದೋಸೆ ಹಂಚಿನ ಮುಂದೆ ನಿಂತೆ. ಗಂಡನನ್ನು ಕಳೆದುಕೊಂಡು ಬಂದ ಅಕ್ಕನಿಗೆ ಆಸರೆ ಕೊಟ್ಟ ಅಂತ ಜನ ನಿನ್ನನ್ನು ಹೊಗಳಿದರು. ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಒಂದು ಸ್ಟೂಲು ಹಾಕಿಸು ಅಂತ ಕೇಳಿದೆ. ನೀನು ಅಂದದ್ದು ನೆನಪಿದೆಯಾ? “ಕುಂತ್ಕಂಡು ದೋಸೆ ಹಾಕಿದ್ರೆ ಗಿರಾಕಿ ಏನಂತಾರಕ್ಕ? ದೋಸೇನೂ ಕುಂತ್ಬಿಡ್ತಾವೆ!” ತಿನ್ನುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಮುಂದಿನ ದೋಸೆ ಹುಯ್ದೆ.

ಈಗ ಮೀನಖಂಡದ ತುಂಬ ನೀಲಿ ನರಗಳು ಗಂಟುಗಂಟಾಗಿ ಎದ್ದಿವೆ. ಪಾದದ ಹತ್ತಿರದ ಹುಣ್ಣು ಮಾಯುತ್ತಿಲ್ಲ. ಡಾಕ್ಟರಮ್ಮ ಕಾಲು ಮುಟ್ಟಿ ನೋಡಿ ತಿಳಿಸಿ ಹೇಳಿದರು. ಎದೆಯೊಳಗಿನ ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ತಿರುಗಿ ಮೇಲೆ ಹತ್ತಿಸುವುದರಲ್ಲಿ ದೊಡ್ಡ ಪಾಲು ಮೀನಖಂಡದ್ದಂತೆ. ನಡೆದಾಗಲೆಲ್ಲ ಅದು ರಕ್ತನಾಳವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ಹತ್ತಿದ ರಕ್ತ ಜಾರದಂತೆ ನಾಳದೊಳಗೆ ಪುಟ್ಟ ಪುಟ್ಟ ಬಾಗಿಲುಗಳಿವೆ. ನಿಂತಲ್ಲೇ ನಿಂತರೆ ಹಿಂಡುವವರಿಲ್ಲ. ರಕ್ತ ಕೆಳಗೇ ಉಳಿದು ನಾಳ ಹಿಗ್ಗುತ್ತದೆ, ಬಾಗಿಲು ಮುಚ್ಚಿಕೊಳ್ಳುವುದಿಲ್ಲ. “ಎರಡನೇ ಹೃದಯ ಇದ್ದಂಗೆ ಕಣಮ್ಮಾ ಇದು. ಬಡಿಯಾಕೇ ಬಿಟ್ಟಿಲ್ವಲ್ಲಾ ನೀವು” ಅಂದರು. ಬಿಡದಿದ್ದವಳು ನಾನಲ್ಲ ಅಂತ ನಾಲಿಗೆ ತುದಿಗೆ ಬಂತು. ತಮ್ಮನ ಹೆಸರು ಹೇಳಲು ಮನಸ್ಸಾಗಲಿಲ್ಲ.

ನನ್ನ ಕಾಲಿನದು ಆಯಿತು, ಬಿಡು. ಆದರೆ ಹೊಸ ಹಂಚಿನಲ್ಲಿ ದೋಸೆ ಹಾಕಿ ನೋಡಿದ ವಿಡಿಯೋ ಒಂದನ್ನು ಮಾರುತಿ ಫೋನಿನಲ್ಲಿ ತೋರಿಸಿದ. ನಿಂತವಳು ಅವನ ಹೆಂಡತಿ ಮಮತಾ, ತುಂಬು ಬಸುರಿ. ಮೈಭಾರವನ್ನು ಈ ಕಾಲಿನಿಂದ ಆ ಕಾಲಿಗೆ, ಆ ಕಾಲಿನಿಂದ ಈ ಕಾಲಿಗೆ ಬದಲಿಸುತ್ತಿದ್ದಳು. ಆ ಬದಲಿಸುವುದು ನನಗೆ ಗೊತ್ತು ಕಣೋ. ಕಣ್ಣು ಕಿರಿದು ಮಾಡಿ ಹುಡುಕಿದೆ, ಅವಳ ಹಿಂದೆ ಒಂದು ಸ್ಟೂಲೂ ಕಾಣಲಿಲ್ಲ. ಗಲ್ಲಾದ ಹಿಂದೆ ಮಾತ್ರ ನಿನಗೆ ಗರಗರ ತಿರುಗುವ ಕುರ್ಚಿ ಬಂದಿದೆ.

ಸನ್ಮಾನಕ್ಕೆ ನಾನು ಬರುವುದಿಲ್ಲ. ಶಾಲು ಯಾರಿಗಾದರೂ ಹೊದಿಸು. ಆ ಮಖಮಲ್ಲಿನ ಕುರ್ಚಿಯನ್ನು ಎತ್ತಿ ಹಂಚಿನ ಹಿಂದೆ ಹಾಕು. ಅವಳು ಬೇಕೆಂದಾಗ ಕೂರಲಿ, ಬೇಕೆಂದಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲಿ. ಮಖಮಲ್ಲಿಗೆ ಎಣ್ಣೆ ಸಿಡಿಯುತ್ತದೆ ಅನ್ನಬೇಡ. ನನ್ನ ಮೈಗೂ ಸಿಡಿದಿದೆ. ಗಿರಾಕಿಗಳ ಎದುರಿಗೇ ಮಮತಾ ಕೂತು ದೋಸೆ ಹಾಕಿದ ದಿನ ಫೋನ್ ಮಾಡಿಸು. ಈ ಕಾಲನ್ನೇ ಎಳೆದುಕೊಂಡು ಬಸ್ಸು ಹತ್ತಿ ಬರುತ್ತೇನೆ. ಅಲ್ಲಿಯವರೆಗೆ ಬೋರ್ಡಿನ ಮೇಲಿನ ‘ಅಕ್ಕ’ನನ್ನು ಅಳಿಸಿಡು.

ನಿನ್ನ ಮನೆ ತಣ್ಣಗಿರಲಿ. ಹುಟ್ಟುವ ಕೂಸಿಗೆ ಅವ್ವನ ಕಾಲು ಗಟ್ಟಿಯಾಗಿ ಉಳಿಯಲಿ.

ನಿಂತೇ ಮುದುಕಿಯಾದ ನಿನ್ನಕ್ಕ,
ಬಂಗಾರಮ್ಮ